ಬಾಳೆಹಣ್ಣಿಲ್ಲದ ಪುಡಿಂಗ್

ಕ್ಲೆಮೆಂಟ್ ರಡ್‌ಗೆ ನನ್ನ ಮೇಲೆ ಮನಸ್ಸಿದೆಯೆಂದು ಇಡೀ ಕಚೇರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುತ್ತಿದ್ದೆ. ಆದರೆ ಆ ಗುರುವಾರ ಬೆಳಿಗ್ಗೆ ಅವನ ಮುಖ ನೋಡಿದರೇ ನನಗೆ ವಾಕರಿಕೆ ಬರುತ್ತಿತ್ತು. ಕೈಯಲ್ಲಿದ್ದ ಕಾಗದವನ್ನು ಅವನ ಮೇಜಿನ ಮೇಲೆ ಎಸೆದೆ.

"ಓದಿ. ಜೋರಾಗಿ ಓದಿ."

ಹಲ್ ಊರಿನ ಮಿಸೆಸ್ ಡಾಬ್ಸನ್ ಬರೆದಿದ್ದಳು. "ನನ್ನ ಮಗಳಿಗೆ ಮೊನ್ನೆ ಐದು ತುಂಬಿತು," ಅವನು ಓದಿದ. "ಯುದ್ಧ ಶುರುವಾಗಿ ಬಾಳೆಹಣ್ಣು ಬರುವುದೇ ನಿಂತಿದೆ, ಅದರ ರುಚಿ ಅವಳಿಗೆ ನೆನಪೇ ಇಲ್ಲ. ನಿಮ್ಮ ಕರಪತ್ರ ನಂಬಿ ವಾರದ ಸಕ್ಕರೆ ಎಲ್ಲಾ ಸುರಿದು ಪುಡಿಂಗ್ ಮಾಡಿದೆ. ಮಗು ಒಂದು ಚಮಚ ತಿಂದು ಅಲ್ಲೇ ಕಕ್ಕಿಕೊಂಡಿತು. ಇದನ್ನ ನಿಮ್ಮಲ್ಲಿ ಯಾರಾದರೂ ತಿಂದು ನೋಡಿದ್ದೀರಾ?"

ಅವನ ಧ್ವನಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಇಳಿದುಹೋಗಿತ್ತು.

ತಿಂದಿದ್ದವನು ಅವನೊಬ್ಬನೇ. ಲಂಡನ್ನಿನ ಆ ಸರ್ಕಾರಿ ಕಚೇರಿಯಲ್ಲಿ ಗೃಹಿಣಿಯರಿಗಾಗಿ ಅಡುಗೆ ಕರಪತ್ರ ಬರೆಯುವ ಕೆಲಸ ನನ್ನದು. ಯುದ್ಧಕ್ಕೆ ಮುಂಚೆ ಎರಡು ಕಾದಂಬರಿ ಬರೆದಿದ್ದೆ. ಈಗ ಟರ್ನಿಪ್ಪು, ಕ್ಯಾರೆಟ್ಟುಗಳ ಗುಣಗಾನ. ನಾನು ಬರೆದದ್ದನ್ನು ನೆಲಮಾಳಿಗೆಯ ಅಡುಗೆಮನೆಯಲ್ಲಿ ಮಾಡುತ್ತಿದ್ದರು. ಪಡಿತರ ಹಾಳಾಗಬಾರದೆಂದು ಒಂದೇ ಒಂದು ಬಟ್ಟಲು, ಅದೂ ರುಚಿ ನೋಡುವ ರಡ್‌ಗೆ ಮಾತ್ರ. ಬರೆದವರು ಮುಟ್ಟುವಂತಿಲ್ಲ. ಅವನದೊಂದು, ನನ್ನದೊಂದು ಸಹಿ ಬಿದ್ದರೆ ಮುದ್ರಣಾಲಯದವರು ಮತ್ಯಾರನ್ನೂ ಕೇಳುತ್ತಿರಲಿಲ್ಲ.

ಒಂದು ಕಿವಿ ಕೇಳದ ಕಾರಣ ಸೈನ್ಯ ಅವನನ್ನು ಬೇಡವೆಂದಿತ್ತು. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ, ಚಮಚ ಬಾಯಲ್ಲಿಟ್ಟು, ಉದ್ದ ರೆಪ್ಪೆಗಳ ಕೆಳಗಿನಿಂದ ಒಮ್ಮೆ ನೋಡುತ್ತಿದ್ದ. ನಾನು ಬೇಕೆಂದೇ ಕಿಟಕಿಯ ಕಡೆ ನೋಡುವೆ. ಅವನು ನಗುತ್ತ "ಅದ್ಭುತ" ಎಂದು ಬರೆದು ಸಹಿ ಹಾಕುವನು. ಆ ಒಂದು ಪದಕ್ಕಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ, ನಾಚಿಕೆಗೆಟ್ಟವಳು.

"ನಿಯಮ ಮುರಿದು ಈಗಷ್ಟೇ ಅದನ್ನ ಮಾಡಿಸಿ ತಿಂದೆ," ಎಂದೆ. "ಬೇಯಿಸಿದ ಗೆಡ್ಡೆಗೆ ಬಾಳೆಹಣ್ಣಿನ ಎಸೆನ್ಸ್. ಸೋಪಿನ ನೀರಲ್ಲಿ ನೆಂದ ಬಟ್ಟೆ ಅಗಿದ ಹಾಗಿತ್ತು. ಅದ್ಭುತಾನಾ ಅದು?"

"ಅಲ್ಲ."

"ಮತ್ತೆ ಯಾಕ್ರೀ ಬರೆದ್ರಿ?"

"ನೀವು ಆ ಕಡೆ ಕೂತು ಕಾಯ್ತಾ ಇದ್ರಿ. ನಿಮ್ಮ ಮುಖ ಸಪ್ಪಗಾಗೋದು ನೋಡೋಕೆ ಆಗ್ಲಿಲ್ಲ."

"ಥೂ! ನನ್ನ ಮುಖಕ್ಕೋಸ್ಕರ ಊರ ಮಕ್ಕಳ ಬಾಯಿಗೆ ಗಲೀಜು ಹಾಕಿದ್ರಾ? ಇದು ಪ್ರೀತಿ ಅಂತ ತಿಳ್ಕೋಬೇಡಿ. ಅಸಹ್ಯ ಇದು."

ಅವನು ತಲೆಯೆತ್ತಲಿಲ್ಲ. ನಾನು ಬಾಗಿಲು ಬಡಿದು ಹೊರಬಂದೆ.

ಮಧ್ಯಾಹ್ನ ಮೇಲಧಿಕಾರಿ ಗಾರ್ಬೆಟ್ ಕರೆದರು. ಅಂಥ ಕಾಗದಗಳು ಮುನ್ನೂರು ದಾಟಿದ್ದವು. "ಒಂದು ಪ್ರಕಟಣೆ ಬರೀರಿ ಮಿಸ್ ಆಶ್‌ಬಿ. ಗೆಡ್ಡೆ ಸರಿಯಾಗಿ ಬೇಯಿಸದೆ ಹೆಂಗಸರು ಕೆಡಿಸಿಕೊಂಡಿದ್ದಾರೆ ಅಂತ. ನಯವಾಗಿ ಬರೀರಿ, ಅದು ನಿಮಗೆ ಚೆನ್ನಾಗಿ ಬರುತ್ತೆ."

"ತಪ್ಪು ನಮ್ಮದು ಸರ್."

"ಸರ್ಕಾರ ತಪ್ಪು ಮಾಡಲ್ಲ. ಬರೆಯೋಕೆ ಇಷ್ಟ ಇಲ್ಲ ಅಂದ್ರೆ ಹೇಳಿ, ಮದ್ದುಗುಂಡಿನ ಕಾರ್ಖಾನೆಗೆ ಕಳಿಸ್ತೀವಿ. ಅಲ್ಲಿ ಹೆಂಗಸರು ಸಾಲ್ತಾ ಇಲ್ಲ."

ಹನ್ನೆರಡು ಗಂಟೆ ಪಾಳಿ, ಬೆರಳು ಹಳದಿ ಮಾಡುವ ಪುಡಿ. ಒಂದು ಸಾಲು ಬರೆಯಲೂ ತ್ರಾಣವಿರದ ಬದುಕು. ನಾನು ಹೆದರಿದೆ. ಹೆದರಿ, ಬರೆದೆ. ಇಪ್ಪತ್ತು ನಿಮಿಷದಲ್ಲಿ ಮಿಸೆಸ್ ಡಾಬ್ಸನ್‌ಳನ್ನು ಅಡುಗೆ ಬಾರದವಳನ್ನಾಗಿ ಮಾಡಿಬಿಟ್ಟೆ. ಎಷ್ಟು ಸಲೀಸಾಗಿ ಬಂತೆಂದರೆ, ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ರಡ್ ಅದನ್ನು ಎರಡು ಸಲ ಓದಿದ.

"ಸಹಿ ಹಾಕಲ್ಲ."

"ಏನಂದ್ರಿ?"

"ಇದು ಹಸಿ ಸುಳ್ಳು ಮಿಸ್ ಆಶ್‌ಬಿ. ನನ್ನದು ಹೇಡಿಯ ಸುಳ್ಳು. ನಿಮ್ಮದು ಅದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಚೆನ್ನಾಗಿ ಬರೆದಿದೀರಿ. ಆ ತಾಯಿ ಇದನ್ನ ಓದಿದರೆ ತಪ್ಪು ತನ್ನದೇ ಅಂತ ನಂಬಿಬಿಡ್ತಾಳೆ."

"ನನ್ನನ್ನ ಕಾರ್ಖಾನೆಗೆ ಹಾಕ್ತಾರೆ ಕಣ್ರೀ!"

"ಗೊತ್ತು. ನನ್ನನ್ನೂ ಬಿಡಲ್ಲ."

ಈಗ ಅವನು ನನ್ನನ್ನು ನೇರವಾಗಿ ನೋಡುತ್ತಿದ್ದ. ನಗುವಿರಲಿಲ್ಲ, ರೆಪ್ಪೆಯ ಆಟವಿರಲಿಲ್ಲ. ನನ್ನ ಮುಖ ಕೆಂಪಾಗಿ, ಕಪ್ಪಿಟ್ಟು, ಸಪ್ಪಗಾಗುವುದನ್ನು ಕಣ್ಣು ತಪ್ಪಿಸದೆ ನೋಡಿದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದೇ ಗಳಿಗೆಯಲ್ಲಿ ಅವನು ನನಗೆ ಬೇಕು ಅಂತಲೂ ಅನಿಸಿತು.

ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತೆ. ಬೇರೆ ಹಾಳೆ ತೆಗೆದು ಬರೆದೆ: ನಾವು ಕೊಟ್ಟ ಪಾಕವಿಧಾನವೇ ಕೆಟ್ಟದ್ದಾಗಿತ್ತು. ಬರೆದವಳು ತಿಂದಿರಲಿಲ್ಲ, ತಿಂದವನು ನಿಜ ಹೇಳಲಿಲ್ಲ. ನಿಮ್ಮ ಸಕ್ಕರೆ ಹಾಳಾದದ್ದು ನಮ್ಮಿಂದ. ಕ್ಷಮಿಸಿ.

"ನಯ ಇಲ್ಲ," ಎಂದೆ.

"ಇಲ್ಲ," ಎಂದು ಅವನು ಸಹಿ ಹಾಕಿದ. ಅವನ ಕೆಳಗೆ ನಾನೂ ಹಾಕಿದೆ. ಗಾರ್ಬೆಟ್ ಚಹಾ ಮುಗಿಸುವ ಮೊದಲೇ ಅದು ಮುದ್ರಣಾಲಯ ಸೇರಿತು.

ಶನಿವಾರ ಪ್ರಕಟಣೆ ಹೊರಬಿತ್ತು, ಜೊತೆಗೆ ನಾವಿಬ್ಬರೂ. ಸೋಮವಾರದಿಂದ ನನಗೆ ಕಾರ್ಖಾನೆ, ಅವನಿಗೆ ಬಂದರಿನಲ್ಲಿ ಮೂಟೆ ಎಣಿಸುವ ಕೆಲಸ. ಬಸ್ ನಿಲ್ದಾಣದಲ್ಲಿ ಅವನು ಟೋಪಿ ತಿರುಗಿಸುತ್ತ ನಿಂತಿದ್ದ.

"ನಿಮ್ಮನ್ನ ಪ್ರೀತಿಸ್ತೀನಿ ಮ್ಯೂರಿಯಲ್. ಇದನ್ನಾದರೂ ನಂಬ್ತೀರಾ?"

"ನಿಮ್ಮ ಮಾತನ್ನ ಹ್ಯಾಗ್ರೀ ನಂಬೋದು?"

ಅವನು ಟೋಪಿಯನ್ನು ತಲೆಗಿಟ್ಟುಕೊಂಡ. "ನಿಮ್ಮ ಎರಡು ಕಾದಂಬರೀನೂ ಓದಿದೀನಿ. ಮೊದಲನೇದು ಬೋರು. ಎರಡನೇದರಲ್ಲಿ ಆ ಹುಡುಗಿ ಯಾಕೆ ಸಾಯ್ತಾಳೋ ದೇವರಿಗೇ ಗೊತ್ತು."

ಬಸ್ ಬಂತು. ನಾನು ಹತ್ತಲಿಲ್ಲ.

"ಬೋರಾ? ಎಲ್ಲಿ ಬೋರು? ಹೇಳಿ ನೋಡೋಣ!"

ಅವನು ಹೇಳಿದ. ಇನ್ನೂ ಮೂರು ಬಸ್ಸು ಹೋಗುವವರೆಗೆ, ಅಧ್ಯಾಯ ಹಿಡಿದು ಹೇಳಿದ. ನಾನು ಜಗಳವಾಡಿದೆ, ಅತ್ತೆ, ಅವನ ಕೋಟಿನ ತೋಳು ಹಿಡಿದುಕೊಂಡೆ. ಪಾಪಿ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಮುಂದಿನ ತಿಂಗಳು ಅವನನ್ನೇ ಮದುವೆಯಾದೆ.