ಕಿತ್ತು ಹಾಕಿದ ಹತ್ತೊಂಬತ್ತು ಗಿಡ

"ಯಾರ್ರೀ ಇವನ್ನ ಕಿತ್ತಿದ್ದು?!"

ಅವಳ ಕೂಗಿಗೆ ಬದುವಿನ ಮೇಲೆ ಕೂತಿದ್ದವನು ಬೆಚ್ಚಿಬಿದ್ದು ಎದ್ದು ನಿಂತ. ಕೈತುಂಬಾ ಕೆಸರು. ಮುಖದಲ್ಲಿ ಮಾತ್ರ, ಏನೋ ಘನಕಾರ್ಯ ಮಾಡಿದ ನಗು.

"ನಾನೇ ಮೇಡಂ. ಹೊಸದಾಗಿ ಸೇರಿದ ಮೇಲ್ವಿಚಾರಕ. ಬೆರಕೆ ಗಿಡ ಜಾಸ್ತಿ ಇತ್ತು... ನೇರಳೆ ಎಲೆದು, ಕುಳ್ಳಗಿರೋದು, ಎಲ್ಲಾ ಬೆಳಗ್ಗೆನೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಈಗ ನೋಡಿ, ಸಾಲು ಎಷ್ಟು ಚೆನ್ನಾಗಿದೆ!"

ಚೆನ್ನಾಗಿದೆಯಂತೆ!

ಬೀಜ ಭಂಡಾರದಲ್ಲಿ ಎಲ್ಲರೂ ಅವಳನ್ನು ಬೀಜದಕ್ಕ ಎನ್ನುತ್ತಿದ್ದರು. ನಾಲ್ಕು ಸಾವಿರ ನಾಟಿ ತಳಿಗಳ ಲಕೋಟೆಗಳನ್ನು ತಣ್ಣನೆಯ ಕೋಣೆಯಲ್ಲಿ ಕಾಯುವುದು ಅವಳ ಕೆಲಸ. ಅಕ್ಕನ ಬಾಣಂತನಕ್ಕೆಂದು ಹತ್ತು ದಿನ ರಜೆ ಹಾಕಿ ಹೋಗಿದ್ದಳು. ಅಷ್ಟರಲ್ಲಿ ಇದು...

ಎಣಿಸಿದಳು. ನಲವತ್ತಮೂರು ಗಿಡಗಳಲ್ಲಿ ಉಳಿದದ್ದು ಇಪ್ಪತ್ತನಾಲ್ಕು.

"ಇದು ಕಂಪನಿ ಬೀಜ ಅಲ್ಲ ಕಣ್ರೀ, ನಾಟಿ ಭತ್ತ! ಒಂದು ಗಿಡ ಇದ್ದಂಗೆ ಇನ್ನೊಂದು ಇರಲ್ಲ, ಇರಬಾರದು. ಒಂದು ನೀರಿಲ್ಲದೆ ತಾಳುತ್ತೆ, ಇನ್ನೊಂದು ರೋಗ ಬಂದ್ರೂ ಬದುಕುತ್ತೆ. ಎಲ್ಲಾ ಸೇರಿದ್ರೇನೇ ಈ ತಳಿ. ಇದನ್ನ ಬೆಳೀತಿದ್ದ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿ ಇಪ್ಪತ್ತು ವರ್ಷ ಆಯ್ತು. ಪ್ರಪಂಚದಲ್ಲಿ ಇದ್ದಿದ್ದು ಒಂದೇ ಲಕೋಟೆ... ಅದನ್ನೇ ಬಿತ್ತಿದ್ದು!"

ಅವನ ಮುಖ ಬಿಳಿಚಿಕೊಂಡಿತು.

"ಹತ್ತು ವರ್ಷ ಕಂಪನಿ ಗದ್ದೇಲಿ ಬೆರಕೆ ಕೀಳೋದೇ ನನ್ನ ಕೆಲಸ ಆಗಿತ್ತು ಮೇಡಂ... ನಂಗೆ ಗೊತ್ತಾಗ್ಲಿಲ್ಲ..."

"ನನ್ನ ಕಣ್ಣೆದುರು ನಿಲ್ಲಬೇಡಿ!"

ಆ ಲಕೋಟೆಯ ಮೇಲಿದ್ದದ್ದು ಅವಳ ಅಮ್ಮನ ಕೈಬರಹ. ಮುಳುಗಿದ ಊರೂ ಅಮ್ಮನದೇ. ಕಾಳುಗಳು ಮುದಿಯಾಗಿ ಮೊಳಕೆ ಕಡಿಮೆಯಾಗುತ್ತಿದೆ ಎಂದು, ಉಳಿದಿದ್ದ ಅರವತ್ತನ್ನೂ ಎದೆ ಗಟ್ಟಿಮಾಡಿಕೊಂಡು ಬಿತ್ತಿದ್ದಳು. ಮೊಳೆತದ್ದು ನಲವತ್ತಮೂರು.

ತಣ್ಣನೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬುದ್ಧಿ ಬಂದದ್ದು ಆಮೇಲೆ. ಗುಂಡಿಯಲ್ಲಿ ಹುಡುಕಿದರೆ ಕೆಲವಾದರೂ ಸಿಕ್ಕಾವು!

ಓಡಿದಳು. ಗುಂಡಿಯಲ್ಲಿ ಒಣಗಿದ ಎಲೆ ಬಿಟ್ಟರೆ ಏನೂ ಇರಲಿಲ್ಲ. ಕಸದ ಗಾಡಿಯವರು ಒಯ್ದಿರಬೇಕು... ಅಮ್ಮಾ, ನಿನ್ನ ಭತ್ತವನ್ನು ಉಳಿಸಿಕೊಳ್ಳಲು ನನ್ನ ಕೈಲಿ ಆಗಲಿಲ್ಲ!

ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

'ಓಡಿಹೋದ! ಹೇಡಿ!'

ದೂರಿನ ಪತ್ರ ಬರೆದಳು. ಬರೆಯುತ್ತಾ ಒಮ್ಮೆ ಕೈ ತಡೆಯಿತು. 'ಕೀಳಬೇಡಿ ಅಂತ ಒಂದು ಫಲಕ ನೆಟ್ಟು ಹೋಗಿದ್ದರೆ...?' ಆ ಮಾತನ್ನು ಪತ್ರದಲ್ಲಿ ಬರೆಯಲಿಲ್ಲ. ಗದ್ದೆಯ ದಾಖಲೆ ಪುಸ್ತಕ ಅವನ ಬಳಿಯೇ ಇತ್ತು. ಅದನ್ನು ಕಿತ್ತುಕೊಂಡು ನಾಲ್ಕು ಮಾತು ಬೈದು ಬರೋಣವೆಂದು ಅವನ ಬಾಡಿಗೆ ಕೋಣೆಗೆ ಮೂರು ಮಹಡಿ ಹತ್ತಿದಳು.

ಬಾಗಿಲು ತೆರೆದೇ ಇತ್ತು. ಕಿಟಕಿಗೆ ಒದ್ದೆ ಹೊದಿಕೆ. ಅದರ ನೆರಳಲ್ಲಿ ಬಕೆಟ್ಟು, ಬಣ್ಣದ ಡಬ್ಬ, ಬಟ್ಟೆ ತೊಳೆಯುವ ಟಬ್ಬು... ಕೊನೆಗೆ ಕುಕ್ಕರಿನಲ್ಲೂ ಕೆಸರು! ಒಂದೊಂದರಲ್ಲೂ ಒಂದೊಂದು ಭತ್ತದ ಗಿಡ. ನಡುವೆ ಅವನು, ಗಡ್ಡ ಬೆಳೆದು, ಕಣ್ಣು ಕೆಂಪಾಗಿ, ನೀರು ಚಿಮುಕಿಸುತ್ತಾ ಕೂತಿದ್ದ.

ಅವಳು ಬೈಯುವುದನ್ನೇ ಮರೆತು ಒಳಗೆ ಬಂದಳು.

"ಎಲ್ಲಾ... ಇವೆಯಾ?"

"ಏಳು ಹೋದ್ವು ಮೇಡಂ." ಅವನು ತಲೆ ಎತ್ತಲಿಲ್ಲ. "ಗುಂಡಿಯ ಬಿಸಿಗೆ ಬೇರು ಬೆಂದಿತ್ತು. ಇವು ಹನ್ನೆರಡೂ ಉಳೀತವೋ ಇಲ್ವೋ ಗೊತ್ತಿಲ್ಲ. ಸುಮ್ನೆ ಆಸೆ ಹುಟ್ಟಿಸಿ ನಿಮ್ಮನ್ನ ಇನ್ನೊಂದ್ಸಲ ಅಳಿಸೋಕೆ ಮನಸ್ಸು ಬರ್ಲಿಲ್ಲ."

ನೇರಳೆ ಎಲೆಯೊಂದನ್ನು ಮುಟ್ಟಿದಳು. ಕಣ್ಣೀರು ಧಾರಾಕಾರವಾಗಿ ಇಳಿಯಿತು. ಚೀಲದಿಂದ ದೂರಿನ ಪತ್ರ ತೆಗೆದು ಹರಿದಳು.

"ತಪ್ಪು ನಂದೂ ಇದೆ ಕಣ್ರೀ... ಒಂದು ಫಲಕ ಹಾಕಿರಲಿಲ್ಲ ನಾನು."

ಆಮೇಲಿನ ತಿಂಗಳುಗಳು ಜೀವ ಕೈಯಲ್ಲಿ ಹಿಡಿದುಕೊಂಡೇ ಕಳೆದವು. ಒಂದು ಎಲೆ ಹಳದಿಯಾದರೂ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಗಿಡ ತೆನೆ ಕಟ್ಟಿದವು. ಕುಳ್ಳ ಗಿಡ ಒಂದೂ ಉಳಿಯಲಿಲ್ಲ. ಅಮ್ಮ ಬಿತ್ತಿದ್ದ ಆ ಒಂದು ಬಗೆ ಇನ್ನು ಎಲ್ಲೂ ಇಲ್ಲ. ಕೊನೆಯ ಕುಳ್ಳ ಗಿಡ ಒಣಗಿದ ದಿನ ಅವನೂ ಅವಳ ಜೊತೆ ಅತ್ತಿದ್ದ.

ಕೊಯ್ಲು ಮುಗಿದ ಮೇಲೆ ಹೊಸ ಲಕೋಟೆಯಲ್ಲಿ ಕಾಳು ತುಂಬಿ, 'ಬೆಳೆಸಿದವರು' ಎಂಬಲ್ಲಿ ತನ್ನ ಹೆಸರು ಬರೆದಳು. ಅದರ ಪಕ್ಕದಲ್ಲೇ ಅವನದು.

"ನನ್ನ ಹೆಸರು ಯಾಕೆ ಮೇಡಂ? ಕಿತ್ತವನು ನಾನು..."

"ಮತ್ತೆ ನೆಟ್ಟವನೂ ನೀನೇ ಅಲ್ವಾ?"

ನೀನು! ಅವನು ತಲೆ ಎತ್ತಿ ಅವಳನ್ನೇ ನೋಡಿದ.

"ಎರಡು ಹೆಸರು ಜೊತೆಗಿರೋದು... ಈ ಲಕೋಟೆ ಮೇಲೆ ಮಾತ್ರಾನಾ?"

"ಇದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ?"

"ಭಯ ಇತ್ತು... ಕಣ್ಣೆದುರು ನಿಲ್ಲಬೇಡಿ ಅಂದಿದ್ರಲ್ಲ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಕೆಸರು ಮೆತ್ತಿದ ಅವನ ಕೈಯನ್ನು ಹಿಡಿದು ತನ್ನತ್ತ ಎಳೆದಳು.

"ಹಾಗಾದ್ರೆ ಪಕ್ಕದಲ್ಲಿ ನಿಂತ್ಕೋ."