ಎಡಬಾಗಿಲಿನ ಬಣ್ಣ

ನಲವತ್ತಾರನೇ ಇಸವಿಯಲ್ಲಿ ನಾನು ಕುಮಟೆಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದೆ. ಮುಂಬಯಿಯ ಮಂಗೇಶರಾಯರು ತಮ್ಮ ಎರಡೇ ಸೀಟಿನ ರೇಸಿನ ಕಾರು ತಂದು, ತೀರಿಹೋದ ಹೆಂಡತಿಯ ಸೀರೆಯ ತುಂಡೊಂದನ್ನು ಕೈಗಿಟ್ಟರು. ಅದರ ಬಣ್ಣ ಮಾಸಿ ತಿಳಿಗುಲಾಬಿಯಾಗಿತ್ತು.

"ಕಾರಿಗೆ ಇದೇ ಬಣ್ಣ ಬೇಕು ದೇವಪ್ಪ."

ಹಾಗೇ ಬಳಿದೆ. ಒಣಗಿದ ಮೇಲೆ ನೋಡಿದರೆ, ಆಕೆ ಕೂರುತ್ತಿದ್ದ ಎಡಬದಿಯ ಬಾಗಿಲು ಮಾತ್ರ ಕಡುಗೆಂಪು. ನೆರಳಲ್ಲಿದ್ದರೂ ಮೈಯಂತೆ ಬೆಚ್ಚಗಿತ್ತು. ಮತ್ತೆರಡು ಸಲ ಬಳಿದೆ, ಮತ್ತೂ ಹಾಗೇ.

"ತಪ್ಪಾತು ರಾಯರೇ. ಎಂತ ಮಾಡಿದ್ರೂ ಹೋಗೂದಿಲ್ಲ."

ರಾಯರು ಬಾಗಿಲ ಮೇಲೆ ಅಂಗೈಯಿಟ್ಟು ಸವರಿದರು. "ತಪ್ಪಲ್ಲ ಮಾರಾಯ. ಮದುವೆ ದಿನ ಆ ಸೀರೆ ಹೀಗೇ ಇತ್ತು."

ಹೊರಡುವಾಗ ಅವರು ಎಡಬಾಗಿಲು ತೆರೆದು, ತುಸು ಕಾದು, ಮೆಲ್ಲಗೆ ಮುಚ್ಚಿದರು. ಅವರಿನ್ನೂ ಒಳಗೆ ಕೂತಿರಲಿಲ್ಲ. ಕಾರು ಎಡಕ್ಕೆ ತುಸು ತಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ.