ಕರಡಿ ಸೀಮೆಯಲ್ಲಿ ಮದುವೆಯ ಕೇಕು

ಶನಿವಾರ ಮಧ್ಯಾಹ್ನದೊಳಗೆ ನಾಲ್ಕಂತಸ್ತಿನ ಕೇಕು ಬೆಟ್ಟದ ತುದಿ ಮುಟ್ಟಬೇಕು. ಗುರುವಾರ ಬೆಳಿಗ್ಗೆ ಏಳಕ್ಕೆ, ಕಾಡುದಾರಿ ಶುರುವಾಗುವ ಕಡೆ ನಿಂತ ಮೂವರ ಮುಂದಿದ್ದ ಕೆಲಸ ಇಷ್ಟೇ. ಇಪ್ಪತ್ತೆರಡು ಮೈಲಿ ಏರು, ಎರಡು ರಾತ್ರಿ, ಉದ್ದಕ್ಕೂ ಅಮೆರಿಕದ ಮೊಂಟಾನಾದ ಕಂದು ಕರಡಿಗಳ ಸೀಮೆ.

ಬೆಟ್ಟದ ತುದಿಯ ಗೋಪುರದಲ್ಲಿ ಕುಳಿತು ಕಾಡ್ಗಿಚ್ಚಿನ ಹೊಗೆ ಕಾಯುವುದು ಮದುಮಗಳು ಟೆಸ್ಸಾಳ ನೌಕರಿ. ಜುಲೈ ಕೊನೆಯಲ್ಲಿ ಅವಳು ಒಂದು ದಿನವೂ ಕೆಳಗಿಳಿಯುವ ಹಾಗಿರಲಿಲ್ಲ. ಹಾಗಾಗಿ ಮದುವೆಯೇ ಬೆಟ್ಟ ಹತ್ತಿತ್ತು. ಕಾಡುದಾರಿ ದುರಸ್ತಿ ಮಾಡುವ ಗುಂಪಿನ ಜೊತೆ ವರ ಆಂಡರ್ಸ್ ಆಗಲೇ ಮೇಲಿದ್ದ. ಉಳಿದವರು ಈ ಮೂವರು: ಟೆಸ್ಸಾಳ ಅಪ್ಪ ಎಮಿಲ್ ಕುಚೆರಾ, ಅಮ್ಮ ನೆಲ್ಡಾ, ಮತ್ತು ವರನ ಅಪ್ಪ ಬರ್ಟ್ ಲೋಸೆತ್.

ಎಮಿಲ್ ಮೂವತ್ತೊಂದು ವರ್ಷದಿಂದ ಬೇಕರಿ ನಡೆಸುತ್ತಿದ್ದ. ಒಂದು ರಾತ್ರಿಯೂ ಹೊರಗೆ ಮಲಗಿದವನಲ್ಲ. ಕರಡಿ ಬಾಯಿ ಹಾಕಿದರೂ ತೆರೆಯಲಾಗದ ದಪ್ಪ ಡಬ್ಬಿಗಳಲ್ಲಿ ತಿಂಡಿ ಒಯ್ಯಬೇಕೆಂದು ನೆಲ್ಡಾ ಹೇಳಿದಾಗ, ಅವನು ಡಬ್ಬಿಗಳ ಬಾಯಿ ಅಳೆದು, ಆ ಅಳತೆಗೆ ಸರಿಯಾಗಿ ಒಣಹಣ್ಣಿನ ನಾಲ್ಕು ಕೇಕು ಬೇಯಿಸಿದ್ದ. ಮೇಲಿನ ಅಂತಸ್ತಿನದು ಮಾತ್ರ ಸ್ವಲ್ಪ ಚಿಕ್ಕದು. ಅದರ ಸುತ್ತ ಬಟ್ಟೆ ತುರುಕಿದ್ದ.

"ಬೀಗರೇ, ನನ್ನ ಹೇಸರಗತ್ತೆಗಳಿದ್ದಿದ್ರೆ ನಿಮ್ಮ ಕೇಕು ಮಹಾರಾಜನ ಥರ ಹೋಗ್ತಿತ್ತು," ಎಂದ ಬರ್ಟ್. ಅವನ ಹೇಸರಗತ್ತೆಗಳು ಪಕ್ಕದ ಕಣಿವೆಯಲ್ಲಿ ಬೆಂಕಿ ಆರಿಸುವವರಿಗೆ ಸಾಮಾನು ಹೊರಲು ಹೋಗಿದ್ದವು.

"ಅದಕ್ಕೇ ನಿಮ್ಮ ಬೆನ್ನಿಗೆ ಎರಡು ಡಬ್ಬಿ ಕಟ್ಟಿರೋದು," ಎಂದ ಎಮಿಲ್.

ನೆಲ್ಡಾ ನಕ್ಕು ಮುಂದೆ ನಡೆದಳು. ಮದುವೆಗೆ ಮುಂಚೆ ಅವಳೂ ಇದೇ ಕಾಡಿನಲ್ಲಿ ದಾರಿ ಸವರುವ ಕೆಲಸದಲ್ಲಿದ್ದವಳು. ಅವಳ ಸೊಂಟದಲ್ಲಿ ಕರಡಿ ಓಡಿಸುವ ಮೆಣಸಿನ ಸ್ಪ್ರೇ ತೂಗುತ್ತಿತ್ತು.

ಮೊದಲ ಸಂಜೆ ಹೊಳೆಯ ಪಕ್ಕ ಗುಡಾರ ಹಾಕಿದರು. ಅಡುಗೆ ಒಂದು ಕಡೆ, ಮಲಗುವುದು ನೂರು ಹೆಜ್ಜೆ ಆಚೆ, ತಿಂಡಿ ಇಡುವುದು ಇನ್ನೊಂದು ನೂರು ಹೆಜ್ಜೆ ಆಚೆ ಎಂದು ನೆಲ್ಡಾ ಗೆರೆ ಎಳೆದಂತೆ ಹೇಳಿದಳು. ಆಮೇಲೆ ಗಂಡನ ಮುಂದೆ ಕೈ ಚಾಚಿದಳು.

"ಜೇಬಲ್ಲಿರೋದೆಲ್ಲ ತೆಗಿ."

ಪುದೀನ ಪೆಪ್ಪರ್‌ಮಿಂಟು ಬಂತು. ತುಟಿಗೆ ಹಚ್ಚುವ ಮುಲಾಮು ಬಂತು. ಹಲ್ಲುಜ್ಜುವ ಪೇಸ್ಟು ಬಂತು.

"ಪೇಸ್ಟೂ ತಿನ್ನುತ್ತಾ ಅದು?"

"ತಿಂದು ನೋಡಿ ಆಮೇಲೆ ತೀರ್ಮಾನ ಮಾಡುತ್ತೆ. ನಿನ್ನ ತಲೆದಿಂಬಿನ ಹತ್ರ ಬಂದು ತೀರ್ಮಾನ ಮಾಡೋದು ಬೇಡ." ನೆಲ್ಡಾ ಎಲ್ಲವನ್ನೂ ಚೀಲಕ್ಕೆ ಹಾಕಿ, ಹಗ್ಗದಿಂದ ಎತ್ತರದ ಕೊಂಬೆಗೆ ಏರಿಸಿದಳು. ನಂತರ ದನಿ ಇಳಿಸಿದಳು. "ತಮಾಷೆ ಅಲ್ಲ ಎಮಿಲ್. ಒಂದು ಸಲ ನಮ್ಮ ತಿಂಡಿ ರುಚಿ ಹತ್ತಿದ್ರೆ ಕರಡಿ ಮನುಷ್ಯರನ್ನೇ ಹುಡುಕಿಕೊಂಡು ಹೋಗುತ್ತೆ. ಮೇಲೆ ಗೋಪುರದಲ್ಲಿ ಸೆಪ್ಟೆಂಬರ್ ತನಕ ಇರೋಳು ಯಾರು? ನಮ್ಮ ಮಗಳು. ಆಮೇಲೆ ಅರಣ್ಯ ಇಲಾಖೆಯವರು ಬಂದು ಅದಕ್ಕೆ ಗುಂಡಿಕ್ಕಬೇಕಾಗುತ್ತೆ. ಎರಡೂ ಆಗಬಾರದು."

ಎಮಿಲ್ ಪ್ಯಾಂಟಿನ ಹಿಂದಿನ ಜೇಬಿನಿಂದ ಇನ್ನೊಂದು ಪೆಪ್ಪರ್‌ಮಿಂಟು ತೆಗೆದು ಸದ್ದಿಲ್ಲದೆ ಕೊಟ್ಟ.

ಶುಕ್ರವಾರದ ಏರು ಕಡಿದಾಗಿತ್ತು. ಫರ್ ಮರಗಳು ಹೋಗಹೋಗುತ್ತ ಕುಳ್ಳಾದವು; ಕೊನೆಗೆ ಮೊಣಕಾಲೆತ್ತರದ ಪೊದೆಗಳಾಗಿ ಬಂಡೆಗೆ ಅಂಟಿಕೊಂಡವು. ಹಿಮ ಕರಗಿದ ಜಾಗದಲ್ಲೆಲ್ಲ ಹಳದಿ ಲಿಲ್ಲಿ ಹೂವು ನೆಲ ಕಾಣದಷ್ಟು ಅರಳಿದ್ದವು. ಅಲ್ಲಲ್ಲಿ ಯಾರೋ ನೇಗಿಲು ಹೊಡೆದಂತೆ ಮಣ್ಣು ಮಗುಚಿ ಬಿದ್ದಿತ್ತು. ಗೆಡ್ಡೆಗಾಗಿ ಕರಡಿ ಅಗೆದ ಗುರುತು ಅದು. ಎಮಿಲ್ ಅದನ್ನು ಬಳಸಿಕೊಂಡು ನಡೆದ, ಗದ್ದೆಯ ಬದುವಿನ ಮೇಲೆ ನಡೆಯುವವನ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅವನ ಭುಜ ಕಿತ್ತುಬರುತ್ತಿತ್ತು. ಆದರೂ ದೂರದ ಬೆಟ್ಟದ ನೆತ್ತಿಯಲ್ಲಿ ಬೆಂಕಿಪೊಟ್ಟಣದಷ್ಟು ಗೋಪುರ ಕಂಡಾಗ ಅವನು ಟೋಪಿ ತೆಗೆದು ಬೀಸಿದ, ಮಗಳಿಗೆ ಕಾಣುತ್ತದೋ ಎಂಬಂತೆ.

ಸಂಜೆ ಹೊತ್ತಿಗೆ ಕೆರೆ ಸಿಕ್ಕಿತು. ಆಚೆ ದಡದಲ್ಲಿ ಇನ್ನೂ ಹಿಮವಿತ್ತು. ಬರ್ಟ್ ಅರ್ಧ ಗಂಟೆಯಲ್ಲಿ ಐದು ಟ್ರೌಟ್ ಮೀನು ಹಿಡಿದು, ಬೆಣ್ಣೆಯಲ್ಲಿ ಹುರಿದು ಬಡಿಸಿದ. ಮೂವರೂ ಬೆರಳು ನೆಕ್ಕಿದರು.

ಇಲ್ಲಿ ತೂಗುಹಾಕಲು ಎತ್ತರದ ಮರವೇ ಇರಲಿಲ್ಲ. ನೆಲ್ಡಾ ತೂಗುಚೀಲದಲ್ಲಿದ್ದುದನ್ನೂ ಡಬ್ಬಿಗಳೊಳಗೆ ತುರುಕಿ, ಮೂರು ಡಬ್ಬಿ, ಪಾತ್ರೆಗಳನ್ನು ಒಯ್ದು ಬಂಡೆಯ ಸಂದಿಯಲ್ಲಿ ಬಿಗಿಯಾಗಿ ಕೂರಿಸಿ ಬಂದಳು. ನಾಲ್ಕನೆಯದನ್ನು ಒಯ್ಯಲು ಹೊರಟ ಎಮಿಲ್ ಗುಡಾರದ ಹತ್ತಿರ ನಿಂತುಬಿಟ್ಟ. ಮೂಗು ಅರಳಿತು. ಹಿಟ್ಟು ಹುಳಿ ಬಂದದ್ದನ್ನು ಬಾಗಿಲಲ್ಲೇ ಹೇಳುವ ಮೂಗು ಅದು.

"ಬೀಗರೇ, ನಿಮ್ಮ ಚೀಲದಲ್ಲಿ ಮೀನಿದೆ."

"ಮೀನು ನಿಮ್ಮ ಹೊಟ್ಟೇಲಿದೆ."

"ಇಲ್ಲ. ಮೀನು, ಸುಟ್ಟ ಬೆಣ್ಣೆ, ಸ್ವಲ್ಪ ಬೆವರು."

ಬರ್ಟ್‌ನ ಮುಖ ಬಿಗಿಯಿತು. "ನಲವತ್ತು ವರ್ಷ ಈ ಬೆಟ್ಟದಲ್ಲಿ ಮಲಗಿದೀನಿ ಕಣ್ರೀ. ಬನ್ನು ಸುಡೋರು ನನಗೆ ಹೇಳಿಕೊಡಬೇಡಿ." ಆದರೂ ಚೀಲ ಬಿಚ್ಚಿದ. ಅಡುಗೆ ಮಾಡುವಾಗ ಕೈ ಒರೆಸಿಕೊಂಡಿದ್ದ ಅಂಗಿಯನ್ನು ಮಡಿಸಿ, ತಲೆಗೆ ಮೆತ್ತಗಿರಲೆಂದು ತುರುಕಿಟ್ಟಿದ್ದ. ಜಿಡ್ಡು ಚೀಲದ ಬಟ್ಟೆಗೂ ಇಳಿದಿತ್ತು.

ಬರ್ಟ್ ಹಾಸಿಗೆ, ಕೋಟು ತೆಗೆದುಕೊಂಡು, ಉಳಿದ ಚೀಲವನ್ನು ಹಾಗೇ ಎಮಿಲ್‌ನ ಕೈಗಿಟ್ಟ. ಕತ್ತಲಾಗುತ್ತಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ಡಬ್ಬಿ ಹಿಡಿದ ಎಮಿಲ್‌ಗೆ ಬಂಡೆಯ ಸಂದಿ ಸರಿಯಾಗಿ ಕಾಣಲಿಲ್ಲ. ಹೆದರಿಕೆಯೂ ಇತ್ತು. ಎರಡನ್ನೂ ಕೆರೆ ಕಡೆಗೆ ಇಳಿಜಾರಾಗಿದ್ದ ಚಪ್ಪಡಿಯ ಮೇಲಿಟ್ಟು ಬೇಗ ಬೇಗ ವಾಪಸು ಬಂದ.

ಬೆಳಕು ಹರಿಯುವಾಗ ಬಟ್ಟೆ ಹರಿದ ಸದ್ದು ಕೇಳಿತು.

"ಓಡಬೇಡಿ," ಎಂದಳು ನೆಲ್ಡಾ. "ಹೊರಗೆ ಬನ್ನಿ. ಒಟ್ಟಿಗೆ ನಿಲ್ಲಿ."

ನೂರು ಹೆಜ್ಜೆ ಆಚೆ ಕರಡಿ ಇತ್ತು. ಹೆಗಲ ಮೇಲೆ ದೊಡ್ಡ ಗೂನು, ಬೆನ್ನಿನ ಕೂದಲಿಗೆ ಬೆಳ್ಳಿ ಅಂಚು. ಬರ್ಟ್‌ನ ಚೀಲ ಸೀಳಿಹೋಗಿತ್ತು. ಅಂಗಿಯನ್ನು ಬಾಯಲ್ಲಿ ಹಿಡಿದು ಕೊಡವಿತು, ಅಗಿಯಿತು, ಉಗಿಯಿತು. ಆಮೇಲೆ ಡಬ್ಬಿಯ ಮೇಲೆ ಎರಡೂ ಮುಂಗಾಲಿಟ್ಟು ಪೂರ್ತಿ ಭಾರ ಹಾಕಿತು.

ಡಬ್ಬಿ ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ.

"ಕೂಗಿ!" ಎಂದಳು ನೆಲ್ಡಾ, ಸ್ಪ್ರೇ ಎತ್ತಿ ಹಿಡಿದು. ಬರ್ಟ್ ಹೇಸರಗತ್ತೆಗಳಿಗೆ ಗದರುವಂತೆ ಗದರಿದ. ಎಮಿಲ್‌ಗೆ ಏನು ಕೂಗಬೇಕೆಂದೇ ತೋಚಲಿಲ್ಲ. ದಿನಾ ಬೆಳಿಗ್ಗೆ ಕೂಗುವುದೇ ಗಂಟಲು ಹರಿಯುವಂತೆ ಹೊರಬಂತು: "ಬಿಸಿ ಬ್ರೆಡ್ಡು! ಬಿಸಿ ಬ್ರೆಡ್ಡು!"

"ಅಯ್ಯೋ, ಕರೀಬೇಡ್ರೀ ಅದನ್ನ!" ಎಂದ ಬರ್ಟ್.

ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಮೂವರನ್ನೂ ನೋಡಿತು. ಕೆಳಗಿಳಿದು ಡಬ್ಬಿಗೆ ಕೊನೆಯದಾಗಿ ಒಂದು ಏಟು ಕೊಟ್ಟು, ಬೆಟ್ಟದ ಬದಿಗೆ ಕುಪ್ಪಳಿಸಿ ಮರೆಯಾಯಿತು.

ಡಬ್ಬಿ ಚಪ್ಪಡಿಯ ಮೇಲೆ ಉರುಳಿತು. ಪುಟಿಯಿತು. ಕೆರೆಗೆ ಬಿತ್ತು. ಬೆಳಗಿನ ಗಾಳಿ ಅದನ್ನು ನಿಧಾನವಾಗಿ ಹಿಮದ ದಡದ ಕಡೆ ತಳ್ಳತೊಡಗಿತು.

"ಮೇಲಿನ ಅಂತಸ್ತು," ಎಂದ ಎಮಿಲ್. "ನಾನೇ ಅಲ್ಲಿಟ್ಟೆ."

ಕರಡಿ ಮರಳುವುದಿಲ್ಲ ಎಂದು ಖಾತ್ರಿಯಾಗುವ ತನಕ ನೆಲ್ಡಾ ಯಾರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಡಬ್ಬಿ ಮೂವತ್ತು ಮಾರು ದೂರ ಹೋಗಿತ್ತು. ಬರ್ಟ್ ಬೂಟು ಬಿಚ್ಚಿ ಹಗ್ಗ ಸೊಂಟಕ್ಕೆ ಸುತ್ತಿಕೊಂಡ.

"ನಿಮಗೆ ಅರವತ್ತೆರಡು ವಯಸ್ಸು!" ಎಂದ ಎಮಿಲ್.

"ನಿನ್ನೆ ನಿಮ್ಮ ಮೂಗು ಇಲ್ಲದೇ ಇದ್ದಿದ್ರೆ ಅರವತ್ತೆರಡಕ್ಕೇ ಮುಗೀತಿತ್ತು. ಹಗ್ಗ ಗಟ್ಟಿ ಹಿಡೀರಿ."

ನೀರು ಚಾಕುವಿನಂತಿತ್ತು. ಬರ್ಟ್ ಬೈಯುತ್ತ ಈಜಿದ, ಬೈಗಳು ಎದುರು ಬೆಟ್ಟಕ್ಕೆ ಬಡಿದು ವಾಪಸು ಬಂದವು. ಡಬ್ಬಿ ಮುಟ್ಟಿದ. ಹಿಡಿಕೆ ಇಲ್ಲದ ನುಣುಪು ಡಬ್ಬಿ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು. ಮೂರನೇ ಸಲ ಎರಡೂ ತೋಳಿನಿಂದ ತಬ್ಬಿಕೊಂಡ. ಬೈಗಳು ನಿಂತುಹೋದವು.

"ಕಾಲು ಸೆಟ್ಕೊಂಡಿದೆ!" ಎಂಬುದೊಂದೇ ಕೇಳಿತು.

ಎಮಿಲ್ ಬೂಟು ಸಮೇತ ಎದೆಮಟ್ಟ ನೀರಿಗೆ ಇಳಿದ. ಎಷ್ಟೋ ವರ್ಷ ಹಿಟ್ಟು ನಾದಿದ ತೋಳುಗಳು. ಎಳೆದ. ಹಿಂದೆ ನೆಲ್ಡಾ ಬಂಡೆಗೆ ಕಾಲು ಕೊಟ್ಟು ಎಳೆದಳು. ಬರ್ಟ್‌ನ ಕಾಲರು ಕೈಗೆ ಸಿಕ್ಕಿದಾಗ ಅವನ ತುಟಿ ನೀಲಿಯಾಗಿತ್ತು, ಡಬ್ಬಿ ಮಾತ್ರ ಅವನ ಎದೆಯಲ್ಲೇ ಇತ್ತು.

ಒಣ ಬಟ್ಟೆ ಹಾಕಿಸಿ, ನೆಲ್ಡಾ ಅವನಿಗೆ ಮೂರು ಲೋಟ ಬಿಸಿ ಕಾಫಿ ಕುಡಿಸಿದಳು. ಎಮಿಲ್ ಮುಚ್ಚಳದ ತಿರುಪನ್ನು ನಾಣ್ಯದಿಂದ ತಿರುಗಿಸಿ ಡಬ್ಬಿ ತೆರೆದ. ಒಳಗೆ ಒಂದು ಹನಿ ನೀರಿರಲಿಲ್ಲ. ಕೇಕಿನ ಒಂದು ಬದಿ ಮಾತ್ರ ಕುಸಿದಿತ್ತು.

"ಹೇಳಿ, ಬದುಕಿದೆಯಾ?" ಎಂದ ಬರ್ಟ್, ಹಲ್ಲು ಕಟಕಟ ಎನ್ನುತ್ತಿರುವಾಗಲೇ.

"ನಿಮಗಿಂತ ಚೆನ್ನಾಗಿದೆ," ಎಂದ ಎಮಿಲ್. ಮೂವರಿಗೂ ನಗು ತಡೆಯಲಾಗಲಿಲ್ಲ.

ಹರಿದ ಚೀಲವನ್ನು ಹಗ್ಗದಿಂದ ಹೊಲಿದಂತೆ ಕಟ್ಟಿದರು. ಕಡಿದಾದ ಕೊನೆಯ ನಾಲ್ಕು ಮೈಲಿಯಲ್ಲಿ ಎಮಿಲ್ ಯಾರೂ ಹೇಳದೆಯೇ ಬರ್ಟ್‌ನ ಒಂದು ಡಬ್ಬಿಯನ್ನೂ ಹೊತ್ತ. ಹನ್ನೊಂದೂವರೆಗೆ ಗೋಪುರದ ಮೆಟ್ಟಿಲ ಮೇಲಿಂದ ಟೆಸ್ಸಾ ಧಡಧಡ ಇಳಿದು ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

"ಅಪ್ಪಾ, ನೀನು ನಡ್ಕೊಂಡು ಬಂದ್ಯಾ? ಎರಡು ರಾತ್ರಿ ಹೊರಗೆ ಮಲಗಿದ್ಯಾ?"

"ಮಲಗಿದೆ ಅಂತ ಹೇಳೋಕಾಗಲ್ಲ," ಎಂದ ಎಮಿಲ್.

ಅವನು ಕುಸಿದ ಬದಿಗೆ ಸಕ್ಕರೆ ಬೆಣ್ಣೆ ಮೆತ್ತಿದ. ನಾಲ್ಕಂತಸ್ತಿನ ಕೇಕು ಗಾಳಿಗೆ ಬಾಗಿದ ಮರದಂತೆ ತುಸು ವಾಲಿ ನಿಂತಿತು. ಆಂಡರ್ಸ್‌ನ ಗುಂಪಿನ ಎಂಟು ಮಂದಿ ಗುದ್ದಲಿ ಎತ್ತಿ ಕಮಾನು ಮಾಡಿದರು. ಅವರಲ್ಲೇ ಹಿರಿಯಳು ಮದುವೆಯ ಪ್ರತಿಜ್ಞೆ ಓದಿದಳು. ಉಂಗುರ ತೊಡಿಸುವ ಮುಂಚೆ ಟೆಸ್ಸಾ ದುರ್ಬೀನು ಎತ್ತಿ ನಾಲ್ಕೂ ದಿಕ್ಕು ನೋಡಿ, ಎಲ್ಲೂ ಹೊಗೆ ಇಲ್ಲವೆಂದು ಹೇಳಿದಳು. ಆಮೇಲೆ ಬೀಗರೂಟ. ಒಂದು ಚೂರು ಕೇಕೂ ನೆಲಕ್ಕೆ ಬೀಳದಂತೆ ನೆಲ್ಡಾ ಕಾವಲಿದ್ದಳು.

ಭಾನುವಾರ ಖಾಲಿ ಡಬ್ಬಿಗಳನ್ನು ಹೊತ್ತು ಇಳಿಯುವಾಗ ಕೆರೆಯ ಮೇಲಿನ ತಿರುವಿನಲ್ಲಿ ನೆಲ್ಡಾ ಕೈ ಎತ್ತಿ ನಿಲ್ಲಿಸಿದಳು. ದೂರದ ಎದುರು ಇಳಿಜಾರಿನಲ್ಲಿ ಅದೇ ಬೆಳ್ಳಿ ಅಂಚಿನ ಕರಡಿ ಹಳದಿ ಹೂವಿನ ನಡುವೆ ಗೆಡ್ಡೆ ಅಗೆಯುತ್ತಿತ್ತು. ಗಾಳಿ ಅವರ ಕಡೆಯಿಂದಲೇ ಬೀಸುತ್ತಿತ್ತು. ಕರಡಿ ತಲೆ ಎತ್ತಿತು, ಮೂಸಿತು, ಮತ್ತೆ ತಲೆ ತಗ್ಗಿಸಿ ಅಗೆಯತೊಡಗಿತು.

"ನಮ್ಮ ಹತ್ರ ಏನೂ ಸಿಗಲ್ಲ ಅಂತ ಗೊತ್ತಾಗಿದೆ ಅದಕ್ಕೆ," ಎಂದ ಬರ್ಟ್, ಪಿಸುದನಿಯಲ್ಲಿ.

ಎಮಿಲ್ ಸ್ವಲ್ಪ ಹೊತ್ತು ನೋಡುತ್ತ ನಿಂತ. ಎದೆ ಹಗುರಾಗಿತ್ತು. ನಂತರ ಚೀಲದ ಪಟ್ಟಿ ಬಿಗಿದುಕೊಂಡು, ಮೊದಲ ಸಲ ತಾನೇ ಮುಂದಾಗಿ ದಾರಿ ಹಿಡಿದ.